ಆಯ ತಪ್ಪುವುದನ್ನು ಅಳೆಯುವುದು ಹೇಗೆ: ಪುನಶ್ಚೇತನದ ರೋಗಿಗಳನ್ನು ನೋಡುವ ಕಿರಿಯ ಫಿಜಿಯೋಗಳಿಗಾಗಿ ಒಂದು ಸಮಗ್ರ ಮಾರ್ಗದರ್ಶಿ

ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅವ್ವ ಒಬ್ಬರು ನನ್ನ ಬಳಿ ಬರುತ್ತಿದ್ದರು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಮೊದಲ ದಿನ 24 ಸೆಕೆಂಡ್ ಹಿಡಿಯಿತು. ಮೂರು ವಾರ ಬಿಟ್ಟು ತೋಟದ ಮನೆಗೇ ಹೋಗಿ ಮತ್ತೆ ಅಳೆದೆ. 19 ಸೆಕೆಂಡ್ ಬಂತು. 'ಚೆನ್ನಾಗಿ ಸುಧಾರಿಸಿದ್ದಾರೆ' ಎಂದು ಮನೆಯವರಿಗೆ ಹೇಳಿ ಬಂದೆ. ನನ್ನ ಮಾತು ನಂಬಿ ಅವರು ವಾಕರನ್ನು ಮೂಲೆಗಿಟ್ಟರು. ಮುಂದಿನ ವಾರ ಅವ್ವ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದರು. ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ.

ಏನಾಗಿತ್ತೆಂದು ಕೂತು ಯೋಚಿಸಿದಾಗ ಗೊತ್ತಾಯಿತು. ಮೊದಲ ದಿನ ಅವರು ಎದ್ದದ್ದು ಕೈಯಿಲ್ಲದ ತಗ್ಗು ಸ್ಟೂಲಿನಿಂದ. ಮನೆಯಲ್ಲಿ ಎದ್ದದ್ದು ಜಗಲಿಯ ಎತ್ತರದ ಬೆತ್ತದ ಕುರ್ಚಿಯಿಂದ, ಎರಡೂ ಕೈ ಊರಿಕೊಂಡು. ಮೂರು ಮೀಟರನ್ನೂ ನಾನು ಹೆಜ್ಜೆ ಹಾಕಿ ಅಂದಾಜು ಮಾಡಿದ್ದೆ. ಹಳೆಯ ಸ್ಟೂಲು, ಟೇಪು ಇಟ್ಟು ಮತ್ತೆ ಅಳೆದರೆ 23 ಸೆಕೆಂಡ್. ಐದು ಸೆಕೆಂಡಿನ ಸುಧಾರಣೆಯಲ್ಲಿ ನಾಲ್ಕು, ಕುರ್ಚಿ ಮತ್ತು ನನ್ನ ಅಂದಾಜು ಕೊಟ್ಟದ್ದು. ಆ ತಪ್ಪು ನನ್ನದು. ಅದೇ ತಪ್ಪು ಬೇರೆಯವರಿಂದ ಆಗಬಾರದೆಂದು, ಕೊಡಗಿನ ತೋಟ, ತೋಟದ ಕೆಲಸಗಾರರ ಲೈನ್‌ಮನೆ, ಸಣ್ಣ ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವ ಕಿರಿಯ ಫಿಜಿಯೋಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರೂ ಓದಬಹುದು, ಆದರೆ ಪರೀಕ್ಷೆಗಳನ್ನು ತಾವೇ ಮಾಡಲು ಹೋಗುವುದು ಬೇಡ.

ಹೆಜ್ಜೆ 1: ಮೊದಲು ಕೇಳಿ, ಆಮೇಲೆ ಅಳೆಯಿರಿ

'ಬ್ಯಾಲೆನ್ಸ್ ಇಲ್ಲ' ಎನ್ನುವ ಒಂದು ಮಾತಿನಲ್ಲಿ ನಾಲ್ಕಾರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ರೋಗಿ ತನ್ನದೇ ಮಾತಲ್ಲಿ ಹೇಳಲಿ, ಅದನ್ನು ಹಾಗೆಯೇ ಬರೆದುಕೊಳ್ಳಿ. 'ಮಲಗಿ ಮಗ್ಗುಲು ಬದಲಿಸಿದರೆ ಗಿರ್ರನೆ ತಿರುಗುತ್ತೆ' ಎಂದರೆ ಒಳಕಿವಿಯ ಹರಳುಗಳು ಜಾಗ ತಪ್ಪಿರಬಹುದು. ಅದಕ್ಕೆ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಬೇಗ ಮಲಗಿಸಿ ಕಣ್ಣುಗುಡ್ಡೆಯ ಚಲನೆ ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಬೇಕು, ನಡೆಸಿ ನೋಡುವುದರಿಂದ ಅದು ತಿಳಿಯದು. 'ಎದ್ದ ಕೂಡಲೆ ಕಣ್ಣು ಕತ್ತಲೆ ಕಟ್ಟುತ್ತೆ' ಎಂದರೆ ಬಿಪಿ ನೋಡಿ. ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಒಂದನೇ ನಿಮಿಷಕ್ಕೆ ಒಮ್ಮೆ, ಮೂರನೇ ನಿಮಿಷಕ್ಕೆ ಇನ್ನೊಮ್ಮೆ ನೋಡಬೇಕು. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ, ಮಾತ್ರೆಗಳ ಚೀಟಿಯನ್ನೂ ತೋರಿಸಿ. 'ಕಾಲಡಿ ಹತ್ತಿ ಹಾಸಿದ ಹಾಗಿದೆ' ಎಂದರೆ ಪಾದದ ಸ್ಪರ್ಶ ಕಮ್ಮಿಯಾಗಿರಬಹುದು. ಸಕ್ಕರೆ ಕಾಯಿಲೆ ಮತ್ತು ಬಿ12 ಕೊರತೆಯವರು ಹೆಚ್ಚಾಗಿ ಹೀಗೆ ಹೇಳುತ್ತಾರೆ. ಇವರ ಪಾದವನ್ನು 10 ಗ್ರಾಂ ಮೊನೊಫಿಲಮೆಂಟ್ ಎಳೆ ಮತ್ತು 128 ಹರ್ಟ್ಸ್ ಶ್ರುತಿಕವೆಯಿಂದ (ಟ್ಯೂನಿಂಗ್ ಫೋರ್ಕ್) ಪರೀಕ್ಷಿಸಿ. ತೊಂದರೆ ಹಠಾತ್ತಾಗಿ ಶುರುವಾಗಿ, ಜೊತೆಗೆ ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಹಿಂದೆಂದೂ ಬಾರದಂಥ ತಲೆನೋವು ಇವುಗಳಲ್ಲಿ ಒಂದಿದ್ದರೂ ಅಳೆಯುತ್ತ ಕೂರಬೇಡಿ. ಆಗಿಂದಾಗಲೇ ಆಸ್ಪತ್ರೆಗೆ ಕಳಿಸಿ.

ಬಿದ್ದದ್ದರ ಲೆಕ್ಕ ಕೇಳುವುದೂ ಒಂದು ಕಲೆ. 'ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿರಿ?' ಎಂದರೆ ನಮ್ಮಲ್ಲಿ ಬಹಳ ಮಂದಿ 'ಬಿದ್ದೇ ಇಲ್ಲ' ಎನ್ನುತ್ತಾರೆ. ತೋಟದ ಇಳಿಜಾರಲ್ಲಿ ಜಾರಿ ಕೂತದ್ದನ್ನು ಅವರು ಬಿದ್ದದ್ದೆಂದು ಎಣಿಸುವುದಿಲ್ಲ. ಅದಕ್ಕೇ ನಾನು 'ಜಾರಿದ್ದು, ಎಡವಿದ್ದು, ಕೈಯೂರಿ ಕೂತದ್ದು, ಗಿಡ ಹಿಡಿದು ಸಾವರಿಸಿಕೊಂಡದ್ದು ಎಲ್ಲ ಹೇಳಿ' ಎಂದು ಬಿಡಿಸಿ ಕೇಳುತ್ತೇನೆ. ಆಗ ಸೊನ್ನೆ ಇದ್ದದ್ದು ಆರೇಳಾಗುತ್ತದೆ. ಎಲ್ಲಿ, ಯಾವ ಹೊತ್ತಲ್ಲಿ, ಕೈಯಲ್ಲಿ ಏನಿತ್ತು, ಕಾಲಲ್ಲಿ ಏನಿತ್ತು ಎಂಬುದನ್ನೂ ಬರೆದಿಡಿ.

ಹೆಜ್ಜೆ 2: ಜಾಗ, ಕುರ್ಚಿ, ಚಪ್ಪಲಿ, ಹೊತ್ತು

ಮೊದಲಿಗೆ ಕುರ್ಚಿ. ಆಸನದ ಎತ್ತರ ಸುಮಾರು 46 ಸೆಂ.ಮೀ., ಕೈ ಇರುವಂಥದ್ದು, ಚಕ್ರ ಇಲ್ಲದ್ದು. ಒಂದನ್ನು ಆರಿಸಿ, ಆಸನದ ಕೆಳಗೆ ಬಣ್ಣದಲ್ಲಿ ಗುರುತು ಹಾಕಿ, ಎಲ್ಲ ರೋಗಿಗಳಿಗೂ ಅದೇ ಇರಲಿ. ಮನೆಗೆ ಹೋದಾಗ ಮನೆಯ ಕುರ್ಚಿಯೇ ಗತಿ. ಆಗ ಎತ್ತರ ಅಳೆದು ಬರೆದು, ಯಾವ ಕುರ್ಚಿ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲವೂ ಅದೇ ಕುರ್ಚಿ ಕೇಳಿ.

ನೆಲದ ವಿಚಾರಕ್ಕೆ ಬಂದರೆ, ಮನೆಗಳಿಗೆ ಹೋದಾಗ ಎಲ್ಲರೂ ತೋರಿಸುವ ಜಾಗ ಕಾಫಿ ಕಣ. ಅಗಲವಾಗಿದೆ, ಸಿಮೆಂಟು ಹಾಕಿದ್ದಾರೆ, ನಡೆಸಲು ಸೊಗಸು ಎನಿಸುತ್ತದೆ. ಅಲ್ಲಿ ಅಳೆಯಬೇಡಿ. ನೀರು ಹರಿದುಹೋಗಲೆಂದು ಕಣವನ್ನು ಒಂದು ಕಡೆಗೆ ವಾಟ ಕೊಟ್ಟೇ ಕಟ್ಟಿರುತ್ತಾರೆ. ಹೋಗುವಾಗ ಇಳಿಜಾರು, ಬರುವಾಗ ಏರು. ಪಾರ್ಶ್ವವಾಯು ಆದವರಿಗೆ ಸೋತ ಕಾಲು ಯಾವ ಕಡೆಗೆ ಬಂತು ಎನ್ನುವುದರ ಮೇಲೆಯೇ ನಡಿಗೆ ಬದಲಾಗುತ್ತದೆ. ಹಳೆ ಮನೆಗಳ ಕಾವಿ ನೆಲವೂ ಮಳೆಗಾಲದಲ್ಲಿ ಬೆವರಿ ಜಾರುತ್ತದೆ, ಬಟ್ಟೆಯಲ್ಲಿ ಒರೆಸಿಯೇ ಶುರುಮಾಡಿ. ಉದ್ದದ ನಡುಮನೆಯೊಂದೇ ಸಾಕು. ಟೇಪಿನಲ್ಲಿ ಮೂರು ಮೀಟರ್ ಅಳೆದು, ಬಣ್ಣದ ಪಟ್ಟಿ ಅಂಟಿಸಿ.

ಬರಿಗಾಲು, ಹವಾಯಿ ಚಪ್ಪಲಿ, ಗಂಬೂಟು ಇವು ಮೂರೂ ಒಂದೇ ಮನುಷ್ಯನಿಗೆ ಮೂರು ಥರದ ಫಲಿತಾಂಶ ಕೊಡಬಲ್ಲವು. ಇಂಥದ್ದೇ ಸರಿ ಎಂದು ನಾನು ಹೇಳುವುದಿಲ್ಲ. ಮೊದಲ ದಿನ ಯಾವುದೋ ಕೊನೆಯ ದಿನವೂ ಅದೇ ಇರಲಿ. ಊರುಗೋಲು, ವಾಕರ್, ಕನ್ನಡಕಕ್ಕೂ ಇದೇ ಮಾತು.

ಹೊತ್ತಿನ ಬಗ್ಗೆ ನಾವು ಸಡಿಲ. ಡಿಸೆಂಬರ್‌ನ ಮಡಿಕೇರಿ ಚಳಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಮರಗಟ್ಟಿದ ಮೊಣಕಾಲು ಹನ್ನೊಂದರ ಬಿಸಿಲಿಗೆ ಸಡಿಲಾಗಿರುತ್ತದೆ. ಪಾರ್ಕಿನ್ಸನ್ ರೋಗಿಗೆ ಮಾತ್ರೆ ನುಂಗಿ ಒಂದು ಗಂಟೆ ಆಗಿದೆಯೋ ನಾಲ್ಕು ಗಂಟೆ ಆಗಿದೆಯೋ ಎನ್ನುವುದೇ ದೊಡ್ಡ ವ್ಯತ್ಯಾಸ. ಹಾಗಾಗಿ ಹೊತ್ತು, ಕೊನೆಯ ಮಾತ್ರೆ ತೆಗೆದುಕೊಂಡ ಸಮಯ ಎರಡನ್ನೂ ಬರೆಯಿರಿ. ವ್ಯಾಯಾಮ ಮಾಡಿಸಿ ಸುಸ್ತಾದ ಮೇಲೆ ಅಳೆಯುವ ಅಭ್ಯಾಸ ಇದ್ದರೆ ಬಿಡಿ, ಅಳತೆ ಮೊದಲು, ವ್ಯಾಯಾಮ ಆಮೇಲೆ.

ಹೆಜ್ಜೆ 3: ಬೀಳದಂತೆ ಕಾಯುವುದು

ಸೊಂಟಕ್ಕೆ ಅಗಲದ ಬೆಲ್ಟು ಕಟ್ಟಿ. ಸೋತ ಕಡೆಯ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಿ. ಕಣ್ಣು ಮುಚ್ಚಿಸುವ ಪರೀಕ್ಷೆಯನ್ನು ಗೋಡೆಯ ಮೂಲೆಯಲ್ಲಿ ಮಾಡಿ, ಆದರೆ ಗೋಡೆಗೆ ಒರಗಿಸಬೇಡಿ. ಮೂಳೆ ಮುರಿದವರಿಗೆ ಎಷ್ಟು ಭಾರ ಹಾಕಬಹುದೆಂದು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಕಾಯುವುದೆಂದರೆ ಹಿಡಿಯುವುದಲ್ಲ. ಬೆರಳು ತಾಗಿದರೂ ರೋಗಿಗೆ ಆಸರೆ ಸಿಕ್ಕಂತೆ, ಆ ಅಂಕ ಲೆಕ್ಕಕ್ಕೆ ಬಾರದು.

ಹೆಜ್ಜೆ 4: ಹೇಳುವ ಮಾತು ಒಂದೇ ಇರಲಿ

ಬೇರೆ ಜಿಲ್ಲೆಯವರಿಗೆ ಇದು ಇಷ್ಟು ತಲೆನೋವು ಆಗಲಿಕ್ಕಿಲ್ಲ. ನಮ್ಮ ಒಂದು ದಿನದ ರೋಗಿಗಳಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳಂ, ತುಳು, ಎರವ, ಜೇನುಕುರುಬರ ನುಡಿಯವರು, ಈಗೀಗ ತೋಟದ ಕೆಲಸಕ್ಕೆ ಬಂದ ಅಸ್ಸಾಂ, ಬಂಗಾಳದವರೂ ಇರುತ್ತಾರೆ. ಜೊತೆಗೆ ಬಂದವರು ನಮ್ಮ ಮಾತನ್ನು ತಿರುಗಿಸಿ ಹೇಳುತ್ತಾರೆ. 'ದಿನವೂ ನಡೆಯುವ ಹಾಗೆ ನಡೆಯಿರಿ' ಎಂದು ನಾನು ಹೇಳಿದ್ದು ಮಗನ ಬಾಯಲ್ಲಿ 'ಬೇಗ ಬೇಗ ನಡಿ, ನೋಡ್ತಿದ್ದಾರೆ' ಎಂದಾಗಿರುತ್ತದೆ. ಅಲ್ಲಿಗೆ ಅಳತೆ ಕೆಟ್ಟಿತು.

ನಾನು ಕನ್ನಡದಲ್ಲಿ ಹೇಳುವುದು ಇಷ್ಟೇ: 'ನಾನು "ಹೊರಡಿ" ಅಂದ ಕೂಡಲೆ ಎದ್ದು, ದಿನಾ ನಡೆಯೋ ಹಾಗೇ ನಡ್ಕೊಂಡು ಹೋಗಿ, ಆ ಗೆರೆ ಹತ್ರ ತಿರುಗಿ, ವಾಪಸ್ ಬಂದು ಕೂತ್ಕೊಳ್ಳಿ.' ಇದನ್ನು ಕಾರ್ಡಿನ ಮೇಲೆ ಬರೆದಿಟ್ಟಿದ್ದೇನೆ. ಉಳಿದ ನುಡಿಗಳಿಗೆ ಆಯಾ ನುಡಿಯವರನ್ನೇ ಕೂರಿಸಿ ಹೇಳಿಸಿ, ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಂಡಿದ್ದೇನೆ. ಮನೆಯವರಿಗೆ ಮೊದಲೇ ಕೈಮುಗಿದು ಹೇಳುತ್ತೇನೆ, 'ಪರೀಕ್ಷೆ ಮುಗಿಯೋವರೆಗೆ ಯಾರೂ ಮಾತಾಡಬೇಡಿ, ಹುರಿದುಂಬಿಸಲೂ ಬೇಡಿ.' ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರೆ ಅಜ್ಜನ ನಡಿಗೆ ಚುರುಕಾಗುತ್ತದೆ, ಅದು ಸಂತೋಷದ ವಿಷಯವೇ, ಆದರೆ ಪರೀಕ್ಷೆ ಮುಗಿದ ಮೇಲೆ ತಟ್ಟಲಿ.

ಹೆಜ್ಜೆ 5: ಯಾರಿಗೆ ಯಾವ ಪರೀಕ್ಷೆ

ಕೂರಲೂ ಆಗದ ಪಾರ್ಶ್ವವಾಯು ರೋಗಿಯನ್ನು ನಡಿಗೆಯ ಪರೀಕ್ಷೆಯಿಂದ ಅಳೆಯಲಾಗದು. ಅವರಿಗೆ ಪಾಸ್ (ಪಾರ್ಶ್ವವಾಯು ಆದವರ ಮೈನಿಲುವು ಅಳೆಯುವ PASS) ಎಂಬ ಮಾಪಕವಿದೆ. 12 ಅಂಶ, ಒಟ್ಟು 36 ಅಂಕ. ಮಲಗಿ ಹೊರಳುವುದೂ ಅದರಲ್ಲಿದೆ.

ಕೂತು ನಿಲ್ಲಬಲ್ಲವರಿಗೆ ಬರ್ಗ್ ಮಾಪಕ. ಕೆನಡಾದ ಕ್ಯಾಥರೀನ್ ಬರ್ಗ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ್ದು. 14 ಕೆಲಸಗಳು, ಒಂದೊಂದಕ್ಕೆ 0ರಿಂದ 4, ಒಟ್ಟು 56. ಬೇಕಾಗುವುದು ಸ್ಟಾಪ್‌ವಾಚ್, ಅಳತೆಪಟ್ಟಿ, ಎರಡು ಕುರ್ಚಿ, ಒಂದು ಮೆಟ್ಟಿಲು ಅಥವಾ ಸ್ಟೂಲು. ಬಡ ಕ್ಲಿನಿಕ್ಕಿಗೂ ಹೊರೆಯಲ್ಲ. ಆದರೆ ಅಂಕ ಕೊಡುವಾಗ ಕೈ ಉದಾರವಾಗುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಒಂದು ಕೆಲಸಕ್ಕೆ ಎರಡು ಅಂಕಗಳ ನಡುವೆ ಅನುಮಾನ ಬಂದರೆ ಕೆಳಗಿನದ್ದನ್ನೇ ಹಾಕಬೇಕೆಂದು ಮಾಪಕದ ಸೂಚನೆಯೇ ಹೇಳುತ್ತದೆ. ಆಸರೆಯಿಲ್ಲದೆ ನಿಲ್ಲುವುದು ಪೂರ್ತಿ ಎರಡು ನಿಮಿಷ. ಮುಕ್ಕಾಲು ನಿಮಿಷಕ್ಕೇ 'ಸಾಕು, ಚೆನ್ನಾಗಿ ನಿಂತಿರಿ' ಎಂದು ಕೂರಿಸಿ ನಾಲ್ಕು ಅಂಕ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಮುಂದಕ್ಕೆ ಕೈ ಚಾಚುವಾಗ 25 ಸೆಂ.ಮೀ. ಚಾಚಿದರೆ 4, 12 ಸೆಂ.ಮೀ.ಗೆ 3, 5 ಸೆಂ.ಮೀ.ಗೆ 2. ಬೆರಳು ಅಳತೆಪಟ್ಟಿಗೆ ತಾಗಬಾರದು. ಆದಷ್ಟು ಎರಡೂ ಕೈ ಚಾಚಿಸಿ, ಒಂದೇ ಕೈಯಾದರೆ ಮೈ ತಿರುಚಿ ಉದ್ದ ಗಿಟ್ಟಿಸಿಕೊಳ್ಳುತ್ತಾರೆ. 360 ಡಿಗ್ರಿ ಸುತ್ತು ತಿರುಗುವುದನ್ನು ಎರಡೂ ಕಡೆಗೆ, ಪ್ರತಿ ಕಡೆಗೂ 4 ಸೆಕೆಂಡಿನೊಳಗೆ ಮಾಡಿದರೆ ಮಾತ್ರ ಪೂರ್ತಿ ಅಂಕ. ಒಂದು ಕಡೆ ಮಾತ್ರ ತಿರುಗಿಸಿ ನೋಡುವ ಅವಸರ ಬೇಡ.

45ಕ್ಕಿಂತ ಕಮ್ಮಿ ಬಂದರೆ ಬೀಳುವ ಅಪಾಯ ಎಂಬ ಮಾತು ಎಲ್ಲೆಡೆ ಬಳಕೆಯಲ್ಲಿದೆ. ಅದನ್ನು ಗೆರೆ ಎಳೆದಂತೆ ಹಿಡಿಯಬೇಡಿ. 44ರವರು ಬೀಳುತ್ತಾರೆ, 46ರವರು ಬೀಳುವುದಿಲ್ಲ ಎಂದೇನೂ ಇಲ್ಲ.

ನಡೆಯಬಲ್ಲವರಿಗೆ ಟೈಮ್ಡ್ ಅಪ್ ಅಂಡ್ ಗೋ, ಅಂದರೆ ಆ ಅವ್ವನಿಗೆ ನಾನು ಮಾಡಿದ ಮೂರು ಮೀಟರಿನ ಪರೀಕ್ಷೆ. 1991ರಿಂದ ಬಳಕೆಯಲ್ಲಿದೆ. ಬೆನ್ನು ಕುರ್ಚಿಗೆ ಒರಗಿರಬೇಕು, 'ಹೊರಡಿ' ಎಂದಾಗ ಗಡಿಯಾರ ಶುರು, ಮತ್ತೆ ಕೂತಾಗ ನಿಲ್ಲಿಸುವುದು. ಮೊದಲು ಒಮ್ಮೆ ಅಭ್ಯಾಸಕ್ಕೆ ಬಿಡಿ, ಅದನ್ನು ಬರೆಯಬೇಡಿ. ವಯಸ್ಸಾದವರಿಗೆ 12 ಸೆಕೆಂಡ್ ಅಥವಾ ಹೆಚ್ಚಾದರೆ ಎಚ್ಚರ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಸೆಕೆಂಡಿನ ಜೊತೆಗೆ ತಿರುಗುವಾಗ ಎಷ್ಟು ಹೆಜ್ಜೆ ಇಟ್ಟರು, ತಡವರಿಸಿದರೇ ಎಂದು ಒಂದು ಸಾಲು ಬರೆಯಿರಿ. ನನಗೆ ಎಷ್ಟೋ ಸಲ ಆ ಸಾಲೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಸಮಯ ತೀರಾ ಕಮ್ಮಿ ಇದ್ದರೆ ನಾಲ್ಕು ನಿಲುವಿನ ಪರೀಕ್ಷೆ ಮಾಡಿ: ಪಾದ ಜೋಡಿಸಿ, ಅರ್ಧ ಮುಂದಿಟ್ಟು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂದರ ಮುಂದೊಂದು, ಕೊನೆಗೆ ಒಂಟಿಕಾಲು. ಒಂದೊಂದರಲ್ಲೂ 10 ಸೆಕೆಂಡ್. ಮೂರನೆಯದರಲ್ಲಿ 10 ಸೆಕೆಂಡ್ ನಿಲ್ಲಲಾಗದ ಹಿರಿಯರು ಬೀಳುವ ಸಾಧ್ಯತೆ ಹೆಚ್ಚು.

ಇನ್ನು ಬರ್ಗ್‌ನಲ್ಲಿ 54, 55 ಬಂದೂ ಬೀಳುವವರಿದ್ದಾರೆ. ಮಾಪಕದ ಮೇಲ್ತುದಿ ಮುಟ್ಟಿದ ಮೇಲೆ ಅದು ಮುಂದೆ ಏನನ್ನೂ ಹೇಳದು. ಇಂಥವರಿಗೆ ಮಿನಿ-ಬೆಸ್ಟೆಸ್ಟ್ ಹಿಡಿಯಿರಿ: 14 ಅಂಶ, 28 ಅಂಕ, ನಮ್ಮ ಕೈಗೆ ಒರಗಿದವರನ್ನು ತಟ್ಟನೆ ಬಿಟ್ಟಾಗ ಹೆಜ್ಜೆಯಿಟ್ಟು ಸಾವರಿಸಿಕೊಳ್ಳುವುದು, ತಲೆ ತಿರುಗಿಸುತ್ತ ನಡೆಯುವುದು, ಲೆಕ್ಕ ಹಾಕುತ್ತ ನಡೆಯುವುದು ಇದರಲ್ಲಿವೆ.

ಜೊತೆಗೆ ಕಣ್ಣು ಮುಚ್ಚಿಸಿ, ದಪ್ಪ ಫೋಮಿನ ಮೇಲೆ ನಿಲ್ಲಿಸುವ ಪರೀಕ್ಷೆಯನ್ನು ಕೊಡಗಿನಲ್ಲಿ ಯಾರೂ ಬಿಡಬಾರದೆಂದು ನನ್ನ ಅಭಿಪ್ರಾಯ. ಗಟ್ಟಿ ನೆಲ ಮತ್ತು ಫೋಮು, ಎರಡರ ಮೇಲೂ ಕಣ್ಣು ತೆರೆದು, ಕಣ್ಣು ಮುಚ್ಚಿ, ತಲಾ 30 ಸೆಕೆಂಡ್. ನಮ್ಮ ದೇಹ ಆಯ ಹಿಡಿಯುವುದು ಕಣ್ಣು, ಪಾದ-ಕೀಲುಗಳ ಅರಿವು, ಒಳಕಿವಿ ಈ ಮೂರರಿಂದ. ಫೋಮು ಪಾದದ ಅರಿವನ್ನು ಮಸುಕು ಮಾಡುತ್ತದೆ, ಮುಚ್ಚಿದ ಕಣ್ಣು ನೋಟ ಕಿತ್ತುಕೊಳ್ಳುತ್ತದೆ, ಉಳಿಯುವುದು ಒಳಕಿವಿ. ಜುಲೈ ತಿಂಗಳ ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗಿದೆ, ಕೊಟ್ಟಿಗೆಗೆ ಹೋಗುವ ದಾರಿ ಕೆಸರು. ಆಗ ಆಗುವುದೂ ಇದೇ ತಾನೆ? ಹಗಲಲ್ಲಿ ಕ್ಲಿನಿಕ್ಕಿನ ಬೆಳಕಲ್ಲಿ ಚೆನ್ನಾಗಿ ನಿಂತವರು ಅಲ್ಲಿ ಬೀಳುತ್ತಾರೆ. ಫೋಮು ಮಾತ್ರ ಒಂದೇ ಇರಲಿ. ಹಾಸಿಗೆ ಅಂಗಡಿಯಿಂದ ತಂದ ತುಂಡು ವರ್ಷದೊಳಗೆ ಕುಗ್ಗುತ್ತದೆ. ಕುಗ್ಗಿದ ಮೇಲೆ ಬಂದ ಅಂಕವನ್ನು ರೋಗಿಯ ಸುಧಾರಣೆ ಎಂದುಕೊಳ್ಳಬೇಡಿ.

ಹೆಜ್ಜೆ 6: ನಿಮ್ಮ ಅಳತೆಯನ್ನೇ ಅಳೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಒಬ್ಬ ರೋಗಿಯನ್ನು ನೀವೂ ನಿಮ್ಮ ಸಹೋದ್ಯೋಗಿಯೂ ಒಬ್ಬರಿಗೊಬ್ಬರು ಹೇಳದೆ ಅಳೆದರೆ ಒಂದೇ ಅಂಕ ಬರುತ್ತದೆಯೇ? ನೀವೇ ಎರಡು ದಿನ ಬಿಟ್ಟು ಅಳೆದರೆ? ಇದಕ್ಕೆ ಯಂತ್ರ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು.

ಸ್ಥಿತಿ ಬದಲಾಗದೆ ನಿಂತಿರುವ ಹತ್ತು ರೋಗಿಗಳನ್ನು ಆರಿಸಿ (ಮೂವತ್ತು ಸಿಕ್ಕರೆ ಇನ್ನೂ ಒಳ್ಳೆಯದು). ಎರಡು ದಿನದ ಅಂತರದಲ್ಲಿ ಎರಡು ಸಲ ಮೂರು ಮೀಟರ್ ನಡಿಗೆ ಅಳೆಯಿರಿ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಲೆಕ್ಕ ತಿಳಿಯಲೆಂದು ನಾನೇ ಹಾಕಿದ ಸಂಖ್ಯೆಗಳು ಇಲ್ಲಿವೆ: 1, -2, 0, 3, -1, 2, -1, 1, -3, 0. ಸರಾಸರಿ ಸೊನ್ನೆ, ಅಂದರೆ ಎರಡನೆಯ ಸಲ ಎಲ್ಲರೂ ರೂಢಿಯಿಂದ ಚುರುಕಾಗಿಲ್ಲ. ಈ ವ್ಯತ್ಯಾಸಗಳ ಮಾನಕ ವಿಚಲನೆ (ಸರಾಸರಿಯಿಂದ ಅವು ಎಷ್ಟು ಚದುರಿವೆ ಎನ್ನುವ ಅಳತೆ) 1.83, ಎಕ್ಸೆಲ್‌ನಲ್ಲಿ ಹಾಕಿದರೆ ತಾನೇ ಬರುತ್ತದೆ. ಅದನ್ನು 1.96ರಿಂದ ಗುಣಿಸಿ: ಸುಮಾರು 3.6 ಸೆಕೆಂಡ್. ರೋಗಿ ಏನೂ ಬದಲಾಗದಿದ್ದರೂ ಅಳತೆ ಹೆಚ್ಚುಕಮ್ಮಿ ಇಷ್ಟರವರೆಗೆ ಹಿಂದುಮುಂದಾಗಬಹುದು. ಇಂಥ ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಯ ಸಮಯ ಎರಡು ಸೆಕೆಂಡ್ ಇಳಿದರೆ ಅದನ್ನು ಸುಧಾರಣೆ ಎನ್ನಲು ಆಧಾರವಿಲ್ಲ. 3.6ಕ್ಕಿಂತ ಹೆಚ್ಚು ಇಳಿದರೆ ಧೈರ್ಯವಾಗಿ ಹೇಳಬಹುದು.

ಇಬ್ಬರು ಪರೀಕ್ಷಕರನ್ನು ಹೋಲಿಸುವಾಗ ಒಂದು ಮೋಸ ಇದೆ. ಒಬ್ಬರು ಎಲ್ಲ ರೋಗಿಗಳಿಗೂ ಇನ್ನೊಬ್ಬರಿಗಿಂತ ಮೂರು ಅಂಕ ಜಾಸ್ತಿ ಹಾಕುತ್ತಾರೆ ಎಂದುಕೊಳ್ಳಿ. ಇಬ್ಬರ ಅಂಕಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದು ನೋಡುವ ಸಹಸಂಬಂಧದ (ಕೋರಿಲೇಶನ್) ಲೆಕ್ಕ ಹಾಕಿದರೆ 1 ಎಂದೇ ಬರುತ್ತದೆ, ಅಂದರೆ ಪೂರ್ತಿ ಹೊಂದಾಣಿಕೆ! ಆದರೆ ಸೋಮವಾರ ಒಬ್ಬರು, ಶುಕ್ರವಾರ ಇನ್ನೊಬ್ಬರು ಅಳೆದರೆ ರೋಗಿ ಏನೂ ಮಾಡದೆ ಮೂರು ಅಂಕ ಗಳಿಸಿರುತ್ತಾನೆ. 1986ರಲ್ಲಿ ಬ್ಲಾಂಡ್ ಮತ್ತು ಆಲ್ಟ್‌ಮನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ಸಹಸಂಬಂಧವನ್ನು ನಂಬಬೇಡಿ, ವ್ಯತ್ಯಾಸಗಳನ್ನು ನೋಡಿ. ಆಗದಿದ್ದರೆ ಒಬ್ಬ ರೋಗಿಗೆ ಮೊದಲಿಂದ ಕೊನೆಯವರೆಗೆ ಒಬ್ಬರೇ ಪರೀಕ್ಷಕರು ಎಂದು ಗೊತ್ತುಮಾಡಿಕೊಳ್ಳಿ.

ಬರ್ಗ್ ಮಾಪಕಕ್ಕೆ ಈ ಕೆಲಸವನ್ನು ಬೇರೆಯವರು ಮಾಡಿಟ್ಟಿದ್ದಾರೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ವಯಸ್ಸಾದವರಲ್ಲಿ ಎಷ್ಟು ಅಂಕ ಬದಲಾದರೆ ನಿಜ ಎಂದು ಲೆಕ್ಕ ಹಾಕಿತು. ಶುರುವಿನ ಅಂಕ 45ರಿಂದ 56 ಇದ್ದರೆ 4, 35ರಿಂದ 44 ಇದ್ದರೆ 5, 25ರಿಂದ 34 ಇದ್ದರೆ 7, 24 ಅಥವಾ ಕಮ್ಮಿ ಇದ್ದರೆ 5. ನಡುವಿನವರಿಗೆ 7 ಬೇಕೆಂಬುದನ್ನು ಗಮನಿಸಿ. 30 ಇದ್ದದ್ದು 34 ಆಯಿತೆಂದು ಮನೆಯವರ ಮುಂದೆ ಸಂಭ್ರಮಿಸುವ ಮೊದಲು ಒಮ್ಮೆ ತಡೆಯಿರಿ.

ಹೆಜ್ಜೆ 7: ಬರೆದಿಡುವುದು

ನನ್ನ ಪುಸ್ತಕದಲ್ಲಿ ಒಂದು ಅಳತೆ ಹೀಗಿರುತ್ತದೆ: 'ಬೆಳಿಗ್ಗೆ 11, ಮಾತ್ರೆ 9ಕ್ಕೆ, ಗುರುತಿನ ಕುರ್ಚಿ, ಬರಿಗಾಲು, ಎಡಗೈಯಲ್ಲಿ ಊರುಗೋಲು, ಸೂಚನೆ ಅರೆಭಾಷೆ ಧ್ವನಿ, ಅಭ್ಯಾಸ 1, ಅಳತೆ 17.2 ಸೆಕೆಂಡ್, ಬಲಕ್ಕೆ ತಿರುಗುವಾಗ 6 ಹೆಜ್ಜೆ, ತಡವರಿಕೆ ಇಲ್ಲ.' ಒಂದೂವರೆ ನಿಮಿಷದ ಕೆಲಸ. ಒಪ್ಪಿಗೆ ಪಡೆದು ವಿಡಿಯೊ ಮಾಡಿಕೊಂಡರೆ ಅನುಮಾನ ಬಂದಾಗ ಮತ್ತೆ ನೋಡಬಹುದು.

ಹೆಜ್ಜೆ 8: ಬದುಕಿನ ನೆಲಕ್ಕೆ ಹೊಂದಿಸುವುದು

ಬೀಳುವ ಭಯವನ್ನು ಅಳೆಯಲು ಪ್ರಶ್ನಾವಳಿಗಳಿವೆ. ಎಬಿಸಿ ಎನ್ನುವುದರಲ್ಲಿ 16 ಪ್ರಶ್ನೆಗಳು, ಒಂದೊಂದಕ್ಕೂ ಎಷ್ಟು ಧೈರ್ಯ ಎಂದು 0ರಿಂದ 100ರವರೆಗೆ ಹೇಳಬೇಕು. ಕೊನೆಯಲ್ಲಿ ಎಸ್ಕಲೇಟರ್ ಹತ್ತುವುದು, ಹಿಮ ಗಟ್ಟಿದ ಕಾಲುದಾರಿಯಲ್ಲಿ ನಡೆಯುವುದು ಬರುತ್ತವೆ. ಸೋಮವಾರಪೇಟೆಯ ಅಜ್ಜಿಗೆ ಇದನ್ನು ಕೇಳಿ ಏನು ಮಾಡುವುದು? ಹಿಮದ ಬದಲು ಪಾಚಿ ಕಟ್ಟಿದ ಮೆಟ್ಟಿಲು ಎಂದು ಬದಲಿಸಲು ಕೈ ತವಕಿಸುತ್ತದೆ. ಬದಲಿಸಿದರೆ ಆ ಅಂಕವನ್ನು ಬೇರೆ ಊರಿನ ಅಂಕದ ಜೊತೆ ಹೋಲಿಸಲಾಗದು. ನಾನು ನನ್ನದೇ ಒಂದು ಬೇರೆ ಪಟ್ಟಿ ಮಾಡಿಕೊಂಡಿದ್ದೇನೆ: ಪಾಚಿಯ ಮೆಟ್ಟಿಲು, ತೋಡಿನ ಮೇಲಿನ ಅಡಿಕೆ ಮರದ ಪಾಲ (ಕಾಲುಸಂಕ), ಕೊಡೆ ಹಿಡಿದು ಇಳಿಜಾರು, ಕತ್ತಲಲ್ಲಿ ಬಚ್ಚಲು, ತಲೆಮೇಲೆ ಸೌದೆ. ರೋಗಿಯ ಇವತ್ತಿನ ಉತ್ತರವನ್ನು ಅದೇ ರೋಗಿಯ ಹೋದ ತಿಂಗಳ ಉತ್ತರದ ಜೊತೆ ಮಾತ್ರ ಇಟ್ಟು ನೋಡುತ್ತೇನೆ.

ಮತ್ತೆ ಯಾವಾಗ ಅಳೆಯುವುದು? ಬಂದ ದಿನ, ಎರಡು ಮೂರು ವಾರಕ್ಕೊಮ್ಮೆ, ಬಿಡುಗಡೆಯ ದಿನ. ಇವುಗಳ ಜೊತೆಗೆ ಹಳೆಯ ರೋಗಿಗಳನ್ನು ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಒಮ್ಮೆ ಕರೆಸುತ್ತೇನೆ. ವಾಕರಿನ ರಬ್ಬರು ಸವೆದಿದ್ದರೆ ಅವತ್ತೇ ಬದಲಿಸುತ್ತೇವೆ.

ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಹಿಮ್ಮಡಿ ಮುರಿದುಕೊಂಡಿದ್ದ ಕೆಲಸಗಾರರೊಬ್ಬರು ಆರು ತಿಂಗಳ ಮೇಲೆ ಬರ್ಗ್‌ನಲ್ಲಿ 56ಕ್ಕೆ 56, ಮೂರು ಮೀಟರನ್ನು 8 ಸೆಕೆಂಡಿನಲ್ಲಿ ಮುಗಿಸಿದರು. 'ಹಾಗಾದ್ರೆ ಏಣಿ ಹತ್ತಬಹುದಾ?' ಎಂದರು. ಈ ಯಾವ ಪರೀಕ್ಷೆಯಲ್ಲೂ ಏಣಿ ಇಲ್ಲ, ಒಂಟಿ ಬಿದಿರಿನ ಮೇಲೆ ನಿಂತು ಎರಡೂ ಕೈ ಬಿಟ್ಟು ಬಳ್ಳಿ ಎಳೆಯುವುದಂತೂ ಇಲ್ಲವೇ ಇಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ. ಆ ವರ್ಷ ಕೆಳಗೆ ನಿಂತು ಏಣಿ ಹಿಡಿಯುವ ಕೆಲಸ ಕೊಡಿರೆಂದು ಚೀಟಿ ಬರೆದುಕೊಟ್ಟೆ, ಅದರ ಹಿಂದೆ ಮಿನಿ-ಬೆಸ್ಟೆಸ್ಟ್‌ಗೆ ಬರಬೇಕಾದ ತಾರೀಕು ಹಾಕಿದೆ.